ಪಕ್ಕವಾದ್ಯದ ಪಾಠ: ದೆಹಲಿಯ ಕೇಳುಗನೊಬ್ಬನ ಟಿಪ್ಪಣಿಗಳು

ವಿಭಾಗದ ಸ್ಮರಣ ಸಂಪುಟಕ್ಕೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ರಾಜಧಾನಿಯಲ್ಲಿ ಕನ್ನಡದ ಸ್ಥಿತಿಗತಿಗಳನ್ನು ಕುರಿತು ಬರೆದರೆ ಚೆನ್ನಾಗಿರುತ್ತದೆ ಎಂಬ ಸೂಚನೆಯೂ ಆ ಕೋರಿಕೆಯ ಜೊತೆಗಿತ್ತು. ಆ ವಿಷಯವನ್ನು ಕುರಿತು ಇಲ್ಲಿನ ಕನ್ನಡಿಗರು ಈಗಾಗಲೇ ಸಾಕಷ್ಟು ಬರೆದಿದ್ದಾರೆ; ಅದರಲ್ಲಿ ಹೆಚ್ಚಿನದು ದೂರಿನ ರೂಪದಲ್ಲಿಯೂ ಉಳಿದದ್ದು ಅಭಿಮಾನದ ರೂಪದಲ್ಲಿಯೂ ಇದೆ. ಈ ಎರಡಕ್ಕೂ ಹೊಸದಾಗಿ ಸೇರಿಸುವಂಥದ್ದು ನನ್ನ ಬಳಿ ಏನೂ ಇಲ್ಲ. ಆದ್ದರಿಂದ ಮೇಲುನೋಟಕ್ಕೆ ಅದಕ್ಕೆ ಸಂಬಂಧವಿಲ್ಲದಂತೆ ತೋರುವ ಒಂದು ವಸ್ತುವನ್ನು ಆರಿಸಿಕೊಂಡಿದ್ದೇನೆ: ಪಿಟೀಲು, ಮತ್ತು ಅದನ್ನು ನುಡಿಸುತ್ತ ಈ ನಗರದಲ್ಲಿ ಪಾಠ ಹೇಳಿದ ವಿದ್ವಾಂಸ ಟಿ.ಎನ್. ಕೃಷ್ಣನ್. ನಾನು ಸಂಗೀತಶಾಸ್ತ್ರವನ್ನು ಕ್ರಮವಾಗಿ ಕಲಿತವನಲ್ಲ. ಕನ್ನಡ ಕಲಿಸುವ ಕೆಲಸಕ್ಕಾಗಿ ದೆಹಲಿಗೆ ಬಂದು, ಸಂಜೆಯ ಹೊತ್ತು ಕಚೇರಿಗಳಿಗೆ ಹೋಗಿ ಕೂರುತ್ತಿದ್ದ ಸಾಮಾನ್ಯ ಕೇಳುಗ. ಹಾಗೆ ಕೇಳುತ್ತ ಕೇಳುತ್ತ ನನ್ನ ಕಸುಬಿನ ಬಗ್ಗೆ ತಿಳಿದುಕೊಂಡದ್ದನ್ನು ಇಲ್ಲಿ ಹೇಳಲು ಪ್ರಯತ್ನಿಸಿದ್ದೇನೆ.

ಪಿಟೀಲು ನಮ್ಮ ವಾದ್ಯವಲ್ಲ ಎನ್ನುವುದು ಎಲ್ಲರಿಗೂ ತಿಳಿದದ್ದೇ. ‘ಫಿಡಲ್’ ಎಂಬ ಪರದೇಶದ ಮಾತು ನಮ್ಮ ಬಾಯಿಗೆ ಹೊಂದಿಕೊಂಡು ‘ಪಿಟೀಲು’ ಆಯಿತು. ‘ಪಿಟೀಲು ಕುಯ್ಯುವುದು’ ಎಂಬ ನುಡಿಗಟ್ಟನ್ನು ಬೇಸರ ಹುಟ್ಟಿಸುವ ಮಾತುಗಾರಿಕೆಗೆ ಬಳಸುವಷ್ಟರಮಟ್ಟಿಗೆ ಕನ್ನಡ ಅದನ್ನು ಒಳಗು ಮಾಡಿಕೊಂಡಿತು. ಒಂದು ವಸ್ತು ಭಾಷೆಯ ಬೈಗುಳದಲ್ಲಿಯೂ ಹಾಸ್ಯದಲ್ಲಿಯೂ ಸ್ಥಾನ ಪಡೆದರೆ ಅದು ಮನೆಯದೇ ಆಯಿತೆಂದು ಅರ್ಥ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಕಂಪನಿ ಸರಕಾರದ ಕಾಲದ ಮದರಾಸಿನಲ್ಲಿ ಐರೋಪ್ಯ ವಾದಕರಿಂದ ಇದನ್ನು ಕಲಿತರು. ತಂಜಾವೂರಿನ ನಾಲ್ವರು ಸೋದರರಲ್ಲಿ ಒಬ್ಬರಾದ ವಡಿವೇಲು ಅವರು ಇದನ್ನು ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರ ಆಸ್ಥಾನಕ್ಕೆ ಕೊಂಡೊಯ್ದರು. ಮಹಾರಾಜರು ಅವರಿಗೆ ದಂತದ ಪಿಟೀಲೊಂದನ್ನು ಉಡುಗೊರೆಯಾಗಿ ಕೊಟ್ಟರು. ಇವೆಲ್ಲ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದ ಮಾತು. ಅನಂತರದ ನೂರು ವರ್ಷಗಳೊಳಗೆ ಪಿಟೀಲಿಲ್ಲದ ಹಾಡುಗಾರಿಕೆಯ ಕಚೇರಿಯನ್ನು ಊಹಿಸಿಕೊಳ್ಳುವುದೇ ಕಷ್ಟವೆಂಬಂತಾಯಿತು.

ಇದು ಸಾಧ್ಯವಾದದ್ದು ಹೇಗೆ ಎಂಬುದು ವಿಚಾರ ಮಾಡಬೇಕಾದ ಸಂಗತಿ. ವಾದ್ಯದ ರಚನೆಯಲ್ಲಿ ನಮ್ಮವರು ಹೆಚ್ಚಿನ ಬದಲಾವಣೆಯನ್ನೇನೂ ಮಾಡಲಿಲ್ಲ. ಬದಲಾದದ್ದು ಅದನ್ನು ಹಿಡಿಯುವ ಬಗೆ ಮತ್ತು ಶ್ರುತಿ ಮಾಡುವ ಕ್ರಮ. ಪಾಶ್ಚಾತ್ಯ ವಾದಕ ನಿಂತು ಅಥವಾ ಕುರ್ಚಿಯಲ್ಲಿ ಕುಳಿತು, ಗದ್ದಕ್ಕೂ ಭುಜಕ್ಕೂ ನಡುವೆ ವಾದ್ಯವನ್ನು ಒತ್ತಿ ಹಿಡಿದು ನುಡಿಸುತ್ತಾನೆ. ನಮ್ಮ ವಾದಕ ನೆಲದ ಮೇಲೆ ಕುಳಿತು, ವಾದ್ಯದ ಒಂದು ತುದಿಯನ್ನು ಎದೆಗೂ ಇನ್ನೊಂದು ತುದಿಯನ್ನು ಬಲಗಾಲಿನ ಪಾದಕ್ಕೂ ಆನಿಸುತ್ತಾನೆ. ವಾದ್ಯವನ್ನು ಹೊರುವ ಕೆಲಸದಿಂದ ಎಡಗೈಗೆ ಬಿಡುಗಡೆ ದೊರೆಯುತ್ತದೆ. ಬೆರಳುಗಳು ತಂತಿಯ ಮೇಲೆ ಜಾರುವುದಕ್ಕೆ, ತೂಗುವುದಕ್ಕೆ, ಅಲುಗುವುದಕ್ಕೆ ಅವಕಾಶವಾಗುತ್ತದೆ. ವೀಣೆಯಲ್ಲಿ ಇರುವಂತೆ ಇಲ್ಲಿ ಮೆಟ್ಟಿಲುಗಳಿಲ್ಲ. ಆದ್ದರಿಂದ ಎರಡು ಸ್ವರಗಳ ನಡುವಿನ ದಾರಿಯೆಲ್ಲ ವಾದಕನದೇ. ತಂತಿಗಳನ್ನು ಷಡ್ಜ ಪಂಚಮ, ಷಡ್ಜ ಪಂಚಮ ಎಂದು ಹಾಡುಗಾರನ ಶ್ರುತಿಗೆ ಸೇರಿಸಿಕೊಂಡರೆ ವಾದ್ಯ ಅವನ ಕಂಠಕ್ಕೆ ನೆರಳಾಗಬಲ್ಲದು. ಪರದೇಶದ ವಸ್ತುವೊಂದು ತನ್ನ ಆಕಾರವನ್ನು ಕಳೆದುಕೊಳ್ಳದೆ, ಕೂರುವ ಭಂಗಿಯನ್ನು ಮಾತ್ರ ಬದಲಿಸಿ ನಮ್ಮದಾದ ಬಗೆ ಇದು. ಸಂಸ್ಕೃತಿಗಳ ಕೊಡುಕೊಳೆಯನ್ನು ಕುರಿತು ಸಿದ್ಧಾಂತಗಳನ್ನು ಓದುವ ನಮ್ಮ ವಿದ್ಯಾರ್ಥಿಗಳು ಪಿಟೀಲಿನ ಈ ಉದಾಹರಣೆಯನ್ನು ಗಮನಿಸಬೇಕೆಂದು ನನಗೆ ಅನ್ನಿಸುತ್ತದೆ.

ದೆಹಲಿಗೂ ದಕ್ಷಿಣದ ಸಂಗೀತಕ್ಕೂ ಇರುವ ಸಂಬಂಧ ಮುಖ್ಯವಾಗಿ ಸರಕಾರಿ ನೌಕರಿಯ ಮೂಲಕ ಬಂದದ್ದು. 1911ರಲ್ಲಿ ರಾಜಧಾನಿ ಕಲ್ಕತ್ತೆಯಿಂದ ಇಲ್ಲಿಗೆ ಬರುವುದೆಂದು ಘೋಷಣೆಯಾದ ಮೇಲೆ, ಅದಕ್ಕಿಂತ ಹೆಚ್ಚಾಗಿ 1947ರ ಅನಂತರ, ಕಚೇರಿಗಳ ಗುಮಾಸ್ತರಾಗಿ, ಲೆಕ್ಕಿಗರಾಗಿ, ಅಧಿಕಾರಿಗಳಾಗಿ ದಕ್ಷಿಣದವರು ಬಂದರು. ಕರೋಲ್‌ಬಾಗ್, ಲೋಧಿ ಕಾಲೊನಿ, ಆಮೇಲೆ ರಾಮಕೃಷ್ಣಪುರಂ, ಇನ್ನೂ ಆಮೇಲೆ ಯಮುನೆಯಾಚೆಯ ಮಯೂರ ವಿಹಾರ, ನೋಯ್ಡಾ ಹೀಗೆ ಅವರ ವಸತಿಗಳು ಹಬ್ಬಿದವು. ಕಚೇರಿ ಎಂಬ ಒಂದೇ ಶಬ್ದ ಅವರ ಹಗಲಿಗೂ ಸಂಜೆಗೂ ಸಲ್ಲುತ್ತಿತ್ತು ಎಂದು ನಾವು ತಮಾಷೆಗೆ ಹೇಳಿಕೊಳ್ಳುವುದುಂಟು. ಸಭೆಗಳು ಹುಟ್ಟಿದವು, ದೇವಸ್ಥಾನಗಳು ಕಟ್ಟಲ್ಪಟ್ಟವು, ಪುರಂದರದಾಸರ ಮತ್ತು ತ್ಯಾಗರಾಜರ ಆರಾಧನೆಗಳು ಚಳಿಗಾಲದ ವಾಡಿಕೆಯಾದವು.

ಇದೇ ಕಾಲಕ್ಕೆ ಸರಕಾರವೂ ಸಂಗೀತದ ಪೋಷಕನಾಗಿ ನಿಂತಿತು. 1952ರಲ್ಲಿ ಆಕಾಶವಾಣಿಯ ವಾದ್ಯವೃಂದ ದೆಹಲಿಯಲ್ಲಿ ರೂಪುಗೊಂಡಾಗ ಅದರ ನಿರ್ದೇಶಕರಲ್ಲಿ ಒಬ್ಬರು ಸಿತಾರಿನ ರವಿಶಂಕರ್, ಇನ್ನೊಬ್ಬರು ಪಿಟೀಲಿನ ಟಿ.ಕೆ. ಜಯರಾಮ ಅಯ್ಯರ್. ಆಕಾಶವಾಣಿಯ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮವೂ ಆ ವರ್ಷವೇ ಮೊದಲಾಯಿತು. 1953ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಉದ್ಘಾಟನೆಯಾಯಿತು. ಅರಮನೆಗಳು ಕೊಡುತ್ತಿದ್ದ ಶಾಲು ಜೋಡಿಯ ಸ್ಥಾನವನ್ನು ರಾಷ್ಟ್ರದ ಪ್ರಶಸ್ತಿ ಪತ್ರಗಳು ತುಂಬತೊಡಗಿದವು. ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದ ಟಿ. ಚೌಡಯ್ಯನವರಿಗೆ ಅಕಾಡೆಮಿಯ ಪ್ರಶಸ್ತಿ ಬಂದದ್ದು 1957ರಲ್ಲಿ. ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಳಾನಿಧಿ ಬಿರುದೂ ಅವರಿಗೆ ಆ ವರ್ಷವೇ ಸಂದಿತು.

ಟಿ.ಎನ್. ಕೃಷ್ಣನ್ ಅವರ ಬದುಕು ಈ ಎರಡು ಕಾಲಗಳ ನಡುವೆ ಹಾಸಿದೆ. ಅವರು 1928ರ ಅಕ್ಟೋಬರ್ 6ರಂದು ಅಂದಿನ ಕೊಚ್ಚಿ ಸಂಸ್ಥಾನದ ತೃಪ್ಪೂಣಿತ್ತುರದಲ್ಲಿ ಹುಟ್ಟಿದರು. ತಂದೆ ಎ. ನಾರಾಯಣ ಅಯ್ಯರ್ ಅವರೇ ಮೊದಲ ಗುರು. ಇನ್ನೂ ಬಾಲಕನಾಗಿದ್ದಾಗಲೇ ವೇದಿಕೆ ಹತ್ತಿದ ಕೃಷ್ಣನ್, ಅಂದಿನ ಹಿರಿಯ ಗಾಯಕರಾದ ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್, ಮುಸಿರಿ ಸುಬ್ರಹ್ಮಣ್ಯ ಅಯ್ಯರ್, ಆಲತ್ತೂರು ಸಹೋದರರು ಮೊದಲಾದವರಿಗೆ ಪಕ್ಕವಾದ್ಯ ನುಡಿಸಿದರು. ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್ ಅವರ ಮಾರ್ಗದರ್ಶನ ಅವರಿಗೆ ದೊರೆಯಿತು. ಮದರಾಸಿನ ಸಂಗೀತ ಕಾಲೇಜಿನಲ್ಲಿ ಬಹುಕಾಲ ಅಧ್ಯಾಪಕರಾಗಿದ್ದು, ತಿರುವನಂತಪುರದ ಸ್ವಾತಿ ತಿರುನಾಳ್ ಸಂಗೀತ ಕಾಲೇಜಿನ ಪ್ರಾಂಶುಪಾಲರಾಗಿ, ಮುಂದೆ ದೆಹಲಿ ವಿಶ್ವವಿದ್ಯಾನಿಲಯದ ಸಂಗೀತ ಮತ್ತು ಲಲಿತಕಲೆಗಳ ವಿಭಾಗದಲ್ಲಿ ಪ್ರಾಧ್ಯಾಪಕರೂ ಡೀನರೂ ಆಗಿ ಕೆಲಸ ಮಾಡಿದರು. 1973ರಲ್ಲಿ ಪದ್ಮಶ್ರೀ, 1974ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1980ರಲ್ಲಿ ಸಂಗೀತ ಕಳಾನಿಧಿ, 1992ರಲ್ಲಿ ಪದ್ಮಭೂಷಣ ಅವರಿಗೆ ಬಂದವು. 1991ರಿಂದ 1993ರವರೆಗೆ ಅವರು ಸಂಗೀತ ನಾಟಕ ಅಕಾಡೆಮಿಯ ಉಪಾಧ್ಯಕ್ಷರಾಗಿದ್ದರು. ಆಗ ಅಧ್ಯಕ್ಷ ಸ್ಥಾನದಲ್ಲಿದ್ದವರು ನಮ್ಮ ಗಿರೀಶ ಕಾರ್ನಾಡರು. ಮಂಡಿ ಹೌಸ್ ಬಳಿಯ ರವೀಂದ್ರ ಭವನದಲ್ಲಿ ಒಬ್ಬ ಕನ್ನಡ ನಾಟಕಕಾರರೂ ಒಬ್ಬ ಕರ್ನಾಟಕ ಸಂಗೀತದ ವಿದ್ವಾಂಸರೂ ಜೊತೆಯಾಗಿ ರಾಷ್ಟ್ರದ ಕಲೆಗಳ ಹೊಣೆ ಹೊತ್ತಿದ್ದರೆಂಬುದು ನಮ್ಮಂಥ ಪ್ರವಾಸಿ ಕನ್ನಡಿಗರಿಗೆ ಆ ದಿನಗಳಲ್ಲಿ ಸಣ್ಣ ಹೆಮ್ಮೆಯ ವಿಷಯವಾಗಿತ್ತು.

ಕೃಷ್ಣನ್ ಅವರನ್ನು ಕೇಳುವಾಗಲೆಲ್ಲ ನನಗೆ ಚೌಡಯ್ಯನವರ ನೆನಪಾಗುತ್ತಿತ್ತು. ಮೈಸೂರು ಕಡೆಯಿಂದ ಬಂದವನಿಗೆ ಅದು ಸಹಜ. ನಮ್ಮ ಮನೆಗಳಲ್ಲಿ ಪಿಟೀಲು ಎಂದರೆ ಚೌಡಯ್ಯ, ಚೌಡಯ್ಯ ಎಂದರೆ ಪಿಟೀಲು. ತಿರುಮಕೂಡಲು ನರಸೀಪುರದಲ್ಲಿ 1895ರಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರ ಕಟ್ಟುನಿಟ್ಟಿನ ಶಿಷ್ಯವೃತ್ತಿಯಲ್ಲಿ ಬೆಳೆದು, 1943ರಲ್ಲಿ ‘ವಾಣಿ’ ಎಂಬ ಕನ್ನಡ ಚಲನಚಿತ್ರವನ್ನೂ ನಿರ್ಮಿಸಿ, 1967ರಲ್ಲಿ ತೀರಿಕೊಂಡ ಆ ಮಹನೀಯರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವೇ ಇದೆ. ಅವರ ಸಾಧನೆಗಳಲ್ಲಿ ಎಲ್ಲರೂ ಹೇಳುವುದು ಏಳು ತಂತಿಯ ಪಿಟೀಲು. ಧ್ವನಿವರ್ಧಕವಿಲ್ಲದ ಕಾಲದಲ್ಲಿ, ಸಾವಿರಾರು ಜನ ಸೇರಿದ ಚಪ್ಪರದ ಕೊನೆಯ ಸಾಲಿಗೂ ನಾದ ಮುಟ್ಟಬೇಕೆಂಬ ಅಗತ್ಯದಿಂದ ಅವರು ನಾಲ್ಕು ತಂತಿಗಳ ಜೊತೆಗೆ ಮತ್ತೆ ಮೂರನ್ನು ಸೇರಿಸಿದರು. ಚೆಂಬೈಯವರಂಥ ತುಂಬು ಕಂಠದ ಗಾಯಕರ ಪಕ್ಕದಲ್ಲಿ ಕೂರುವವನ ವಾದ್ಯ ಕ್ಷೀಣವಾಗಿದ್ದರೆ ನಡೆಯುತ್ತಿರಲಿಲ್ಲ.

ಕೃಷ್ಣನ್ ಚೌಡಯ್ಯನವರಿಗಿಂತ ಮೂವತ್ತಕ್ಕೂ ಹೆಚ್ಚು ವರ್ಷಗಳಷ್ಟು ಕಿರಿಯರು. ಅವರು ಪ್ರಬುದ್ಧರಾಗುವ ಹೊತ್ತಿಗೆ ಧ್ವನಿವರ್ಧಕ ಸಭೆಗಳಿಗೆ ಬಂದಿತ್ತು. ರೇಡಿಯೊ ಮನೆಗಳಿಗೆ ಬಂದಿತ್ತು. ನಾದವನ್ನು ದೂರಕ್ಕೆ ತಲುಪಿಸುವ ಹೊರೆಯನ್ನು ಯಂತ್ರ ಹೊತ್ತುಕೊಂಡ ಮೇಲೆ ವಾದಕನಿಗೆ ಮೆದುವಾಗಿ ನುಡಿಸುವ ಸ್ವಾತಂತ್ರ್ಯ ಸಿಕ್ಕಿತು. ಕೃಷ್ಣನ್ ಅವರ ವಾದನದಲ್ಲಿ ಜನ ಮೆಚ್ಚುತ್ತಿದ್ದ ಮಾಧುರ್ಯ, ಕಮಾನನ್ನು ತುದಿಯಿಂದ ತುದಿಗೆ ನಿಧಾನವಾಗಿ ಎಳೆದು ಒಂದೇ ಸ್ವರವನ್ನು ತುಂಬಿ ನಿಲ್ಲಿಸುವ ಆ ನೆಮ್ಮದಿ, ಅವಸರವಿಲ್ಲದ ರಾಗಾಲಾಪನೆ ಇವುಗಳ ಹಿಂದೆ ತಂದೆಯ ಶಿಕ್ಷಣವೂ ಸ್ವಂತ ಸಾಧನೆಯೂ ಇದ್ದವು, ನಿಜ. ಆದರೆ ಅವನ್ನು ಕೇಳಿಸುವ ಅವಕಾಶವನ್ನು ಕೊಟ್ಟದ್ದು ಕಾಲ. ಕಾವ್ಯಚರಿತ್ರೆಯಲ್ಲಿಯೂ ಹೀಗೆಯೇ ಅಲ್ಲವೆ? ರಾಜಸಭೆಯಲ್ಲಿ ಓದಿ ಕೇಳಿಸಬೇಕಾದ ಕಾವ್ಯದ ಕಂಠಕ್ಕೂ, ಅಚ್ಚಿನ ಹಾಳೆಯಲ್ಲಿ ಒಬ್ಬನೇ ಕುಳಿತು ಓದಬೇಕಾದ ಭಾವಗೀತೆಯ ಕಂಠಕ್ಕೂ ಇರುವ ಅಂತರವನ್ನು ನಾವು ತರಗತಿಯಲ್ಲಿ ವಿವರಿಸುತ್ತೇವೆ. ಚೌಡಯ್ಯ ದೊಡ್ಡವರೋ ಕೃಷ್ಣನ್ ದೊಡ್ಡವರೋ ಎಂದು ಸಭೆಯ ಹೊರಗೆ ಕಾಫಿ ಕುಡಿಯುತ್ತ ನಡೆಯುತ್ತಿದ್ದ ವಾದಗಳಲ್ಲಿ ಈ ಸರಳ ಸಂಗತಿ ಮರೆತುಹೋಗುತ್ತಿತ್ತು.

ಇಬ್ಬರಿಗೂ ಸಮಾನವಾದ ಒಂದು ಅಂಶವಿದೆ. ಇಬ್ಬರೂ ಹಾಡುಗಾರಿಕೆಯ ಹತ್ತಿರದಲ್ಲಿ ಬೆಳೆದವರು. ಚೌಡಯ್ಯನವರ ಗುರು ಬಿಡಾರಂ ಕೃಷ್ಣಪ್ಪ ಗಾಯಕರು. ಕೃಷ್ಣನ್ ಅವರ ಮಾರ್ಗದರ್ಶಿ ಸೆಮ್ಮಂಗುಡಿ ಗಾಯಕರು. ಕೃಷ್ಣನ್ ಅವರ ತಂಗಿ ಎನ್. ರಾಜಂ ಅವರು ತಂದೆಯಲ್ಲಿಯೇ ಪಿಟೀಲು ಕಲಿತು, ಆಮೇಲೆ ಹಿಂದುಸ್ಥಾನಿ ಪದ್ಧತಿಗೆ ಹೊರಳಿ ಪಂಡಿತ ಓಂಕಾರನಾಥ ಠಾಕೂರರ ಶಿಷ್ಯೆಯಾದರು, ಅವರೂ ಗಾಯಕರೇ. ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಬಹುಕಾಲ ಕಲಿಸಿದ ರಾಜಂ ಅವರ ವಾದನಕ್ಕೆ ‘ಗಾಯಕೀ’ ಎಂಬ ವಿಶೇಷಣ ಅಂಟಿಕೊಂಡಿದೆ. ಒಳ್ಳೆಯ ಪಿಟೀಲು ಕಂಠದಿಂದ ಹುಟ್ಟುತ್ತದೆ. ಬೆರಳು ಆಮೇಲೆ ಅದನ್ನು ಅನುಸರಿಸುತ್ತದೆ ಎಂಬ ಮಾತಿಗೆ ಈ ಮೂವರೂ ಸಾಕ್ಷಿ.

ಅಣ್ಣ ತಂಗಿಯರ ಜುಗಲ್‌ಬಂದಿಯನ್ನು ಕೇಳುವುದರಲ್ಲಿ ಕನ್ನಡಿಗನಿಗೆ ಒಂದು ವಿಶೇಷ ಅನುಕೂಲವಿತ್ತು. ಒಂದೇ ಮನೆಯ ಎರಡು ಮಕ್ಕಳು ಎರಡು ಪದ್ಧತಿಗಳಲ್ಲಿ ನಡೆದದ್ದನ್ನು ಉಳಿದವರು ವಿಸ್ಮಯವೆಂದು ನೋಡುತ್ತಿದ್ದಾಗ, ನಮಗೆ ಅದು ನಮ್ಮ ನಾಡಿನ ಭೂಪಟದಂತೆ ಕಾಣುತ್ತಿತ್ತು. ಮೈಸೂರಿನಲ್ಲಿ ಒಂದು ಪದ್ಧತಿ, ಧಾರವಾಡದಲ್ಲಿ ಇನ್ನೊಂದು. ನಡುವೆ ಒಂದೇ ಭಾಷೆ. ದೆಹಲಿಯ ಕನ್ನಡ ಕೂಟಗಳಲ್ಲಿ ಧಾರವಾಡದ ಗೆಳೆಯರು ಖಯಾಲಿಗೆ ತಲೆದೂಗುವಾಗ ನಾವು ಮೈಸೂರಿನವರು ಪಲ್ಲವಿಗಾಗಿ ಕಾಯುತ್ತಿದ್ದೆವು. ಆದರೂ ಊಟದ ಪಂಕ್ತಿಯಲ್ಲಿ ಜೊತೆಗೇ ಕೂರುತ್ತಿದ್ದೆವು.

ಇನ್ನು ಪಕ್ಕವಾದ್ಯದ ವಿಚಾರ. ಹಾಡುಗಾರನ ಎಡಗಡೆ ಕುಳಿತ ಪಿಟೀಲುವಾದಕನ ಕೆಲಸವನ್ನು ಕೇಳುಗರು ಸಾಮಾನ್ಯವಾಗಿ ಗಮನಿಸುವುದಿಲ್ಲ; ಅದು ಚೆನ್ನಾಗಿ ನಡೆಯುತ್ತಿರುವವರೆಗೂ ಗಮನಿಸಬೇಕಾದ ಅಗತ್ಯವೂ ಬೀಳುವುದಿಲ್ಲ. ಗಾಯಕ ರಾಗವನ್ನು ಬಿಡಿಸುತ್ತಿರುವಾಗ ಅವನ ಒಂದೊಂದು ಸಂಚಾರವನ್ನೂ ಅರೆಕ್ಷಣದ ಹಿಂದೆ ಅನುಸರಿಸಿ, ಅವನು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ನಾದ ಕಡಿಯದಂತೆ ಎಳೆಯನ್ನು ಹಿಡಿದುಕೊಂಡಿರಬೇಕು. ಆಮೇಲೆ ತನ್ನ ಸರದಿ ಬಂದಾಗ ಅದೇ ರಾಗವನ್ನು ತಾನೂ ಬಿಡಿಸಬೇಕು. ಗಾಯಕ ತೆಗೆದುಕೊಂಡದ್ದಕ್ಕಿಂತ ಕಡಿಮೆ ಹೊತ್ತಿನಲ್ಲಿ, ಅವನು ಕಟ್ಟಿದ ಹವೆಯನ್ನು ಕೆಡಿಸದೆ, ಆದರೆ ಅವನದನ್ನೇ ಪುನರುಚ್ಚರಿಸದೆ. ನೆರವಲ್ ಮತ್ತು ಸ್ವರಕಲ್ಪನೆಗಳಲ್ಲಿ ಗಾಯಕ ಈ ಕ್ಷಣ ಕಲ್ಪಿಸಿದ ಲೆಕ್ಕವನ್ನು ಮರುಕ್ಷಣ ಗ್ರಹಿಸಿ ಉತ್ತರ ಕೊಡಬೇಕು. ಒಂದು ಸಂಜೆ ಅರಿಯಕ್ಕುಡಿಯವರ ಮಧ್ಯಮಕಾಲದ ಲವಲವಿಕೆ, ಮರುಸಂಜೆ ಮುಸಿರಿಯವರ ವಿಳಂಬದ ಭಾವತೀವ್ರತೆ. ಎರಡಕ್ಕೂ ತಾನೇ ಸಲ್ಲಬೇಕು, ಎರಡರಲ್ಲಿಯೂ ತಾನು ಕಳೆದುಹೋಗಬಾರದು. ಇದಕ್ಕೆ ಬೇಕಾದ ಮೊದಲ ಶಕ್ತಿ ಕಿವಿಯದು.

ಈ ಶಿಸ್ತನ್ನು ವಿಶ್ವವಿದ್ಯಾನಿಲಯದಲ್ಲಿ ಕಲಿಸಲು ಬರುತ್ತದೆಯೆ? ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಸಂಗೀತದ ಅಧ್ಯಯನ 1960ರಲ್ಲಿ ಆರಂಭವಾಯಿತು. ಹಿಂದುಸ್ಥಾನಿಯ ಜೊತೆಗೆ ಕರ್ನಾಟಕ ಸಂಗೀತಕ್ಕೂ ಅಲ್ಲಿ ಸ್ಥಾನ ಸಿಕ್ಕಿತು. ಅಂದಿನಿಂದಲೂ ಈ ಪ್ರಶ್ನೆ ಇದೆ. ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ಇದ್ದು, ಗುರು ಹಾಡದೆ ಇರುವ ಹೊತ್ತಿನಲ್ಲಿಯೂ ಏನಾದರೂ ಕಲಿಯುತ್ತಿದ್ದ ವಿದ್ಯೆಯನ್ನು ಮುಕ್ಕಾಲು ಗಂಟೆಯ ತರಗತಿಗೆ, ಪಠ್ಯಪಟ್ಟಿಗೆ, ಅಂಕಗಳಿಗೆ ಇಳಿಸಲು ಸಾಧ್ಯವೆ? ಎಷ್ಟು ವರ್ಣ, ಎಷ್ಟು ಕೃತಿ ಬರುತ್ತದೆ ಎಂದು ಪರೀಕ್ಷಿಸಬಹುದು. ಮನೋಧರ್ಮಕ್ಕೆ ನೂರಕ್ಕೆ ಎಷ್ಟು ಅಂಕ ಕೊಡುವುದು? ಪದವಿ ಪಡೆದವರಲ್ಲಿ ಕಛೇರಿ ವಿದ್ವಾಂಸರಾದವರು ಬೆರಳೆಣಿಕೆಯಷ್ಟು ಎಂಬುದು ಆಕ್ಷೇಪಣೆ ಮಾಡುವವರ ಮುಖ್ಯ ವಾದ.

ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಆದರೆ ಗುರುಕುಲದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನೂ ಅದರ ಜೊತೆಗೇ ನೆನೆಯಬೇಕು. ಕುಲ, ಪರಿಚಯ, ಗಂಡೋ ಹೆಣ್ಣೋ ಎಂಬ ಎಣಿಕೆ, ಗುರುವಿನ ಮನಸ್ಸು ಇವೆಲ್ಲ ಆ ಬಾಗಿಲಿಗೆ ಅಗುಳಿಗಳಾಗಿದ್ದವು. ಅರ್ಜಿ ಹಾಕಿ, ಶುಲ್ಕ ಕಟ್ಟಿ, ಹೆಸರು ಗೊತ್ತಿಲ್ಲದ ಮನೆಯ ಹುಡುಗಿಯೊಬ್ಬಳು ದೊಡ್ಡ ವಿದ್ವಾಂಸರೆದುರು ಕುಳಿತುಕೊಳ್ಳುವುದು ವಿಶ್ವವಿದ್ಯಾನಿಲಯದಲ್ಲಿ ಮಾತ್ರ ಸಾಧ್ಯವಾಯಿತು. ತಂದೆಯ ಪಕ್ಕದಲ್ಲಿ ಕಲಿತ ಕೃಷ್ಣನ್ ಅವರೇ ಮೂರು ನಗರಗಳ ಮೂರು ಸಂಸ್ಥೆಗಳಲ್ಲಿ ಕಲಿಸಿದರೆಂಬುದನ್ನು ನಾನು ಈ ಪ್ರಶ್ನೆಗೆ ಬದುಕಿನ ಮೂಲಕ ಕೊಟ್ಟ ಉತ್ತರವೆಂದು ತಿಳಿಯುತ್ತೇನೆ. ವಿಶ್ವವಿದ್ಯಾನಿಲಯ ವಿದ್ವಾಂಸರನ್ನು ತಯಾರು ಮಾಡದಿರಬಹುದು. ಒಳ್ಳೆಯ ಅಧ್ಯಾಪಕರನ್ನೂ ತಿಳಿದು ಕೇಳುವವರನ್ನೂ ತಯಾರು ಮಾಡಿದರೆ, ಊರಿನಿಂದ ಎರಡು ಸಾವಿರ ಕಿಲೋಮೀಟರ್ ದೂರದಲ್ಲಿರುವ ಒಂದು ಕಲೆಗೆ ಅದು ಕಡಿಮೆ ಉಪಕಾರವಲ್ಲ. ನಮ್ಮ ಕನ್ನಡ ತರಗತಿಗಳಿಂದ ಎಷ್ಟು ಜನ ಕವಿಗಳು ಬಂದರು ಎಂದು ಯಾರಾದರೂ ಕೇಳಿದರೆ ನಾನು ಕೊಡುವ ಉತ್ತರವೂ ಇದೇ.

ಈ ವಿಚಾರ ನನಗೆ ಕೇವಲ ವಿಚಾರವಾಗಿ ಉಳಿಯದಂತೆ ಮಾಡಿದವರು ನಮ್ಮ ನೆರೆಯ ಹಿರಿಯರೊಬ್ಬರು. ತುಮಕೂರು ಜಿಲ್ಲೆಯ ಹಳ್ಳಿಯೊಂದರಿಂದ ಬಂದು, ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಕಡತಗಳ ನಡುವೆ ಕಳೆದು ನಿವೃತ್ತರಾದವರು. ಹೆಸರು ಹೇಳುವುದು ಅವರಿಗೆ ಇಷ್ಟವಾಗುತ್ತಿರಲಿಲ್ಲ. ರಾಯರು ಎಂದಷ್ಟೇ ಕರೆಯುತ್ತೇನೆ. ಎಳೆಯ ವಯಸ್ಸಿನಲ್ಲಿ ಪಿಟೀಲು ಕಲಿತಿದ್ದ ಅವರು ಪ್ರತಿವರ್ಷದ ದಾಸರ ಆರಾಧನೆಯಲ್ಲಿ ಹಾಡಲು ಬಂದ ಯಾರಿಗೇ ಆಗಲಿ ಪಕ್ಕದಲ್ಲಿ ಕೂತು ನುಡಿಸುತ್ತಿದ್ದರು. ಗೃಹಿಣಿಯರು, ಶಾಲೆಯ ಮಕ್ಕಳು, ಶ್ರುತಿ ಬಿಟ್ಟು ಹಾಡುವ ಅಧಿಕಾರಿಗಳು ಎಲ್ಲರಿಗೂ ಅವರದು ಒಂದೇ ಮರ್ಯಾದೆ. ಸಂಭಾವನೆಯಾಗಿ ದೊರೆಯುತ್ತಿದ್ದುದು ಒಂದು ತೆಂಗಿನಕಾಯಿ, ಒಂದು ಉತ್ತರೀಯ. ಚಳಿಗಾಲದ ಬೆಳಿಗ್ಗೆ ಬೆರಳು ಮರಗಟ್ಟಿದಾಗ ಬಿಸಿ ಕಾಫಿಯ ಲೋಟವನ್ನು ಎರಡು ಕೈಯಲ್ಲಿಯೂ ಹಿಡಿದು ಕಾಯಿಸಿಕೊಂಡು ಶ್ರುತಿ ಮಾಡಲು ಕೂರುತ್ತಿದ್ದರು. ಕೃಷ್ಣನ್ ಅವರ ಕಚೇರಿ ನಗರದಲ್ಲಿ ಎಲ್ಲಿಯೇ ಇರಲಿ, ಬಸ್ಸು ಬದಲಿಸಿ ಬದಲಿಸಿ ಹೋಗಿ ಎಡಗಡೆಯ ಮೊದಲ ಸಾಲಿನಲ್ಲಿ ಕೂತು, ಅವರ ಬಲಗೈಯನ್ನೇ ನೋಡುತ್ತಿದ್ದರು. ಎಲ್ಲರೂ ಎಡಗೈಯ ಬೆರಳುಗಳ ಚಮತ್ಕಾರವನ್ನು ನೋಡುವಾಗ ಇವರೇಕೆ ಬಲಗೈಯನ್ನು ನೋಡುತ್ತಾರೆಂದು ನನಗೆ ಆಶ್ಚರ್ಯ.

ಒಮ್ಮೆ ಕೇಳಿಯೇ ಬಿಟ್ಟೆ. ‘ಸ್ವರ ಎಡಗೈಯಲ್ಲಿದೆ ಮೇಷ್ಟ್ರೇ, ಮಾತು ಬಲಗೈಯಲ್ಲಿದೆ’ ಎಂದರು.

ಆ ಮಾತಿನ ಅರ್ಥ ನನಗೆ ಆದದ್ದು ಅವರ ಕೊನೆಯ ಶಿಷ್ಯೆಯ ಪಾಠವನ್ನು ಕೇಳಿದಾಗ. ನೋಯ್ಡಾದಲ್ಲಿ ಹುಟ್ಟಿ ಬೆಳೆದ ಹದಿಮೂರು ವರ್ಷದ ಹುಡುಗಿ. ಅಪ್ಪ ಅಮ್ಮ ಕನ್ನಡಿಗರೇ ಆದರೂ ಅವಳ ಕನ್ನಡ ‘ಊಟ ಆಯಿತು’, ‘ಬೇಡ’, ‘ತಾತ’ ಎಂಬಷ್ಟಕ್ಕೆ ನಿಂತಿತ್ತು. ಬೆರಳು ಚುರುಕು, ಶ್ರುತಿಜ್ಞಾನ ಶುದ್ಧ. ದೇವರನಾಮವೊಂದನ್ನು ಒಂದು ಸ್ವರವೂ ತಪ್ಪದೆ ನುಡಿಸಿದಳು. ರಾಯರು ತಲೆಯಾಡಿಸಿ, ‘ಇನ್ನೊಮ್ಮೆ’ ಎಂದರು. ಮತ್ತೆ ನುಡಿಸಿದಳು. ‘ತಾತ, ಸ್ವರ ಸರಿ ಇದೆಯಲ್ಲ?’ ಎಂದು ಹಿಂದಿಯಲ್ಲಿ ಕೇಳಿದಳು. ‘ಸ್ವರ ಸರಿ ಇದೆ ಮಗೂ, ಮಾತು ಮುರಿದಿದೆ’ ಎಂದು ಅವರು ಕನ್ನಡದಲ್ಲಿಯೇ ಹೇಳಿದರು.

ಮುರಿದದ್ದು ಹೀಗೆ. ಕಮಾನು ಮೇಲೆ ಹೋಗುವುದು, ಕೆಳಗೆ ಬರುವುದು. ಅದು ದಿಕ್ಕು ಬದಲಿಸುವ ಜಾಗದಲ್ಲಿ ನಾದದಲ್ಲಿ ಸಣ್ಣದೊಂದು ಗಂಟು ಬೀಳುತ್ತದೆ. ಅಕ್ಷರ ಹುಟ್ಟುವ ಕಡೆ ಆ ಗಂಟು ಬಿದ್ದರೆ ಕೇಳುವವರಿಗೆ ತಂತಿಯಲ್ಲಿ ಸಾಹಿತ್ಯವೇ ಕೇಳಿಸಿದಂತಾಗುತ್ತದೆ. ಪದದ ನಡುವೆ ಬೇಕಾಬಿಟ್ಟಿ ಬಿದ್ದರೆ ಪದ ಸೀಳುತ್ತದೆ. ಸಾಲಿನಲ್ಲಿ ‘ಬಾರದಿರುವ’ ಎಂಬ ಮಾತಿದೆ ಎಂದಿಟ್ಟುಕೊಳ್ಳೋಣ. ‘ಬಾರದೆ ಇರುವ’ ಎಂಬ ಸಂಧಿಯನ್ನು ಬಲ್ಲವನು ನುಡಿಸುವ ಬಗೆ ಒಂದು. ‘ಬಾರ’ ಎಂದಲ್ಲಿ ತುಂಡರಿಸಿ ‘ದಿರುವ’ ಎಂದು ಎತ್ತಿಕೊಳ್ಳುವವನು ನುಡಿಸುವ ಬಗೆ ಇನ್ನೊಂದು. ಸ್ವರಲಿಪಿಯಲ್ಲಿ ಎರಡೂ ಒಂದೇ. ಹಳಗನ್ನಡ ಕಾವ್ಯವನ್ನು ಪದಚ್ಛೇದವಿಲ್ಲದೆ ಓದುವ ವಿದ್ಯಾರ್ಥಿಯನ್ನು ಕಂಡ ಯಾವ ಅಧ್ಯಾಪಕನಿಗೂ ಈ ಕಷ್ಟ ಹೊಸದಲ್ಲ. ಗಮಕ ವಾಚನವನ್ನು ಬಲ್ಲವರಿಗಂತೂ ವಿವರಿಸಬೇಕಾದದ್ದೇ ಇಲ್ಲ. ಕೃಷ್ಣನ್ ಅವರ ಬಲಗೈಯಲ್ಲಿ ರಾಯರು ಹುಡುಕುತ್ತಿದ್ದುದು ಇದನ್ನೇ. ಮಾತಿಲ್ಲದ ವಾದ್ಯದಲ್ಲಿ ಮಾತು ಎಲ್ಲಿ ಹುಟ್ಟುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು.

ಮರುವಾರದಿಂದ ಆ ಹುಡುಗಿಗೆ ಅರ್ಧ ಗಂಟೆ ಪಿಟೀಲು, ಅರ್ಧ ಗಂಟೆ ಕನ್ನಡ. ಕನ್ನಡದ ಪಾಲು ನನ್ನದಾಯಿತು. ವ್ಯಾಕರಣದ ಪುಸ್ತಕ ತೆರೆಯಲಿಲ್ಲ. ಅವಳು ನುಡಿಸಬೇಕಾದ ಪದಗಳನ್ನು ಬಿಡಿಸಿ, ಯಾವುದು ಲಘು ಯಾವುದು ಗುರು, ಎಲ್ಲಿ ಪದ ಮುಗಿಯಿತು, ಯಾಕೆ ಇಲ್ಲಿ ದಾಸರು ದೇವರನ್ನು ಗದರಿಸುತ್ತಿದ್ದಾರೆ ಎಂದು ಹೇಳುತ್ತಿದ್ದೆ. ಭಾಷೆಯನ್ನು ಉಳಿಸಬೇಕು, ಬೆಳೆಸಬೇಕು ಎಂದು ಭಾಷಣ ಮಾಡಿದ್ದರೆ ಅವಳು ಕಿವಿಗೊಡುತ್ತಿದ್ದಳೋ ಇಲ್ಲವೋ. ಕಮಾನನ್ನು ಎಲ್ಲಿ ತಿರುಗಿಸಬೇಕೆಂದು ತಿಳಿಯಲು ಅವಳಿಗೆ ಕನ್ನಡ ಬೇಕಾಯಿತು. ಬೇಕಾದ ಮೇಲೆ ಬಂತು. ಎರಡು ವರ್ಷಗಳ ಅನಂತರ ಆರಾಧನೆಯಲ್ಲಿ ರಾಯರು ಪಿಟೀಲನ್ನು ಅವಳ ಕೈಗೆ ಕೊಟ್ಟು ತಾವು ಕೆಳಗೆ ಬಂದು ನನ್ನ ಪಕ್ಕದಲ್ಲಿ ಕುಳಿತರು. ಯಾರೋ ಹಾಡುತ್ತಿದ್ದರು, ಅವಳು ಅನುಸರಿಸುತ್ತಿದ್ದಳು. ರಾಯರು ಕಣ್ಣು ಮುಚ್ಚಿ ತುಟಿಯಲ್ಲಿಯೇ ಸಾಹಿತ್ಯವನ್ನು ಹೇಳಿಕೊಳ್ಳುತ್ತಿದ್ದರು. ಆ ಚಳಿಗಾಲ ಕಳೆದು ಬೇಸಿಗೆ ಬರುವುದರೊಳಗೆ ಅವರು ತೀರಿಕೊಂಡರು.

ಸಂಗೀತಕ್ಕೆ ಭಾಷೆಯಿಲ್ಲ ಎಂಬ ಮಾತನ್ನು ವೇದಿಕೆಗಳಲ್ಲಿ ಆಗಾಗ ಕೇಳುತ್ತೇವೆ. ಅದು ಒಳ್ಳೆಯ ಮನಸ್ಸಿನ ಮಾತು, ಆದರೆ ಅರ್ಧಸತ್ಯ. ಕರ್ನಾಟಕ ಸಂಗೀತದಲ್ಲಿ ಪಳಗಿದ ಮಲಯಾಳ ನಾಡಿನ ವಾದಕ ತೆಲುಗಿನ ಕೃತಿಯನ್ನು, ಸಂಸ್ಕೃತದ ಕೃತಿಯನ್ನು, ಕನ್ನಡದ ದೇವರನಾಮವನ್ನು ನುಡಿಸುತ್ತಾನೆ. ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ತಮಿಳುನಾಡಿನಿಂದ ಬಂದು ಮೈಸೂರಿನಲ್ಲಿ ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ ಕೃತಿಗಳ ಮಾಲೆಯನ್ನೇ ರಚಿಸಿ, ಆಮೇಲೆ ತಿರುವನಂತಪುರದ ಸಂಗೀತ ಶಾಲೆಯ ಮುಖ್ಯಸ್ಥರಾದರು. ಮುಂದೆ ಕೃಷ್ಣನ್ ಪ್ರಾಂಶುಪಾಲರಾದದ್ದು ಅದೇ ಶಾಲೆ ಬೆಳೆದು ಆದ ಕಾಲೇಜಿನಲ್ಲಿ. ಇವರೆಲ್ಲ ಭಾಷೆಗಳನ್ನು ದಾಟಿದ್ದು ಭಾಷೆ ಬೇಡವೆಂದಲ್ಲ, ಒಂದೊಂದು ಭಾಷೆಯ ಉಸಿರಿಗೂ ಕಿವಿಗೊಟ್ಟು. ದಾಟುವುದಕ್ಕೆ ಮೊದಲು ದಂಡೆ ಇರಬೇಕು.

ಕನ್ನಡ ವಿಭಾಗದವರಾದ ನಾವು ಇದರಿಂದ ಪಡೆಯಬಹುದಾದ ಇನ್ನೊಂದು ತಿಳಿವಳಿಕೆಯಿದೆ. ವಿಮರ್ಶೆ, ಸಂಪಾದನೆ, ಬೋಧನೆ, ಅನುವಾದ ಇವೆಲ್ಲ ಪಕ್ಕವಾದ್ಯದ ಕೆಲಸಗಳು. ಕವಿ ನಡುವೆ ಕುಳಿತಿದ್ದಾನೆ. ನಾವು ಅವನ ಎಡಗಡೆ. ಅವನ ಸಂಚಾರವನ್ನು ಅರೆಕ್ಷಣ ಹಿಂದಿನಿಂದ ಅನುಸರಿಸುವುದು, ಅವನು ಉಸಿರು ತೆಗೆದುಕೊಂಡಲ್ಲಿ ಎಳೆ ಕಡಿಯದಂತೆ ನೋಡಿಕೊಳ್ಳುವುದು, ಸರದಿ ಬಂದಾಗ ನಮ್ಮ ಮಾತನ್ನು ಹೇಳುವುದು ಆದರೆ ಹವೆ ಕೆಡಿಸದಿರುವುದು. ನಮ್ಮಲ್ಲಿ ಕೆಲವರು ಗಾಯಕನ ಧ್ವನಿ ಮುಚ್ಚಿಹೋಗುವಂತೆ ನುಡಿಸುತ್ತೇವೆ; ಕೆಲವರು ಅವನು ಹಾಡಿದ್ದನ್ನೇ ಒಪ್ಪಿಸಿ ಸುಮ್ಮನಾಗುತ್ತೇವೆ. ಎರಡೂ ಪಕ್ಕವಾದ್ಯವಲ್ಲ. ಈ ಸ್ಥಾನ ಗೌಣವೆಂದು ಕೊರಗುವವರಿಗೆ ಕೃಷ್ಣನ್ ಅವರ ಬದುಕನ್ನು ತೋರಿಸಬಹುದು. ಅರ್ಧ ಶತಮಾನಕ್ಕೂ ಮಿಕ್ಕಿದ ವೃತ್ತಿಯಲ್ಲಿ ಅವರು ತನಿಯಾಗಿ ನುಡಿಸಿ ಪಡೆದ ಕೀರ್ತಿ ದೊಡ್ಡದು. ಆದರೆ ಆ ಏಕವಾದನದೊಳಗೆ ಅವರು ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡ ಎಲ್ಲ ಹಿರಿಯರ ಕಂಠಗಳೂ ಇದ್ದವು. ಕೇಳಿಸಿಕೊಂಡವನ ಮಾತಿಗೆ ಮಾತ್ರ ಅಂಥ ತುಂಬುತನ ಬರುತ್ತದೆ.

ಅಕಾಡೆಮಿಯ ಅತ್ಯುಚ್ಚ ಗೌರವವಾದ ಫೆಲೋಶಿಪ್ ಅವರಿಗೆ 2006ರಲ್ಲಿ ದೊರೆಯಿತು. 2020ರ ನವೆಂಬರ್ 2ರಂದು ಚೆನ್ನೈಯಲ್ಲಿ, ತೊಂಬತ್ತೆರಡನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಸಾಂಕ್ರಾಮಿಕ ರೋಗದ ಆ ವರ್ಷ ಸಭಾಂಗಣಗಳು ಮುಚ್ಚಿದ್ದವು. ಅವರೊಡನೆ ‘ಪಿಟೀಲಿನ ತ್ರಿಮೂರ್ತಿಗಳು’ ಎಂದು ಹೆಸರಾಗಿದ್ದ ಲಾಲ್ಗುಡಿ ಜಯರಾಮನ್, ಎಂ.ಎಸ್. ಗೋಪಾಲಕೃಷ್ಣನ್ ಇಬ್ಬರೂ 2013ರಲ್ಲಿಯೇ ತೀರಿಕೊಂಡಿದ್ದರು. ಒಂದು ಪೀಳಿಗೆ ಪೂರ್ತಿಯಾಗಿ ಮುಗಿಯಿತು.

ರಾಯರ ಶಿಷ್ಯೆ ಈಗ ಗುರುಗ್ರಾಮದ ಸಂಸ್ಥೆಯೊಂದರಲ್ಲಿ ಉದ್ಯೋಗದಲ್ಲಿದ್ದಾಳೆ. ಭಾನುವಾರಗಳಂದು ಐದಾರು ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತಾಳೆ. ಅವರಲ್ಲಿ ಇಬ್ಬರು ಕನ್ನಡದವರು, ಒಬ್ಬ ಪಂಜಾಬಿ ಹುಡುಗ, ಉಳಿದವರು ತಮಿಳರು. ದೇವರನಾಮ ಆರಂಭಿಸುವ ಮೊದಲು ಎಲ್ಲರಿಗೂ ಪದಗಳನ್ನು ಬಿಡಿಸಿ ಹೇಳುತ್ತಾಳೆಂದೂ, ಸಂಶಯ ಬಂದಾಗ ನನಗೆ ಫೋನು ಮಾಡುತ್ತಾಳೆಂದೂ ಹೇಳಿದರೆ ಆತ್ಮಪ್ರಶಂಸೆಯಾದೀತೇನೋ. ಕಳೆದ ತಿಂಗಳು ಆ ಪಂಜಾಬಿ ಹುಡುಗ ಕೇಳಿದ ಪ್ರಶ್ನೆಯೊಂದಕ್ಕೆ ನನಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಕಿಟ್ಟೆಲ್ ಕೋಶವನ್ನು ತೆಗೆದು ನೋಡಬೇಕಾಯಿತು. ಇಂಥ ಪ್ರಶ್ನೆಗಳು ಬರುತ್ತಿರುವವರೆಗೆ ಈ ನಗರದಲ್ಲಿ ನಮ್ಮ ವಿಭಾಗಕ್ಕೆ ಕೆಲಸವಿದೆ. ಸಂಪುಟವನ್ನು ಓದುವ ಕಿರಿಯ ಮಿತ್ರರಲ್ಲಿ ನನ್ನದೊಂದು ವಿನಂತಿ: ಇನ್ನು ಮುಂದೆ ಕಚೇರಿಗೆ ಹೋದಾಗ ಒಂದು ಕೃತಿಯ ಹೊತ್ತಾದರೂ ನಡುವೆ ಕುಳಿತವರಿಂದ ಕಣ್ಣು ತೆಗೆದು, ಎಡಗಡೆ ಕುಳಿತವರ ಬಲಗೈಯನ್ನು ಗಮನಿಸಿ.